ಹಳೆಯ ಚಿತ್ರಕ್ಕೆ ಹೊಸ ಅವತಾರ: ತೀರ್ಪು ಯಾರದು?

ಜನರು ಬಹುಕಾಲದಿಂದ ಮೆಚ್ಚಿ ಮನಸ್ಸಿನಲ್ಲಿಟ್ಟುಕೊಂಡಿರುವ ಚಿತ್ರಪಟವೊಂದನ್ನು ಯಾರೋ ಮತ್ತೆ ಹೊಸದಾಗಿ ತೆಗೆಯುತ್ತಾರೆಂದು, ಅಥವಾ ಅದರ ಕೊನೆಯನ್ನು ಬದಲಿಸಿ ಮತ್ತೆ ತೆರೆಗೆ ತರುತ್ತಾರೆಂದು ಸುದ್ದಿ ಹುಟ್ಟಿದ ಕೂಡಲೆ ಊರೂರಿನಲ್ಲಿಯೂ ಎರಡು ಬಗೆಯ ಗಡಿಬಿಡಿ ಮೊದಲಾಗುವುದುಂಟು. ಹಳೆಯದನ್ನು ಪ್ರೀತಿಸುವವರು ಹೊಸದನ್ನು ನೋಡುವುದಕ್ಕೆ ಮೊದಲೇ ಅದರ ಮೇಲೆ ಮುನಿಯುತ್ತಾರೆ. ಆ ಮುನಿಸನ್ನು ಕಂಡು ಚಿತ್ರದ ಒಡೆಯರು, ಥಿಯೇಟರಿನ ಮಾಲೀಕರು, ಕೆಲವೊಮ್ಮೆ ಸರ್ಕಾರದ ಅಧಿಕಾರಿಗಳು ಸಹ, ಜನರನ್ನು ಹೇಗೆ ಸಂಭಾಳಿಸುವುದೆಂಬ ಚಿಂತೆಗೆ ಬೀಳುತ್ತಾರೆ. ಒಬ್ಬರು ಕೂಗುವುದರಲ್ಲಿ, ಇನ್ನೊಬ್ಬರು ಕೂಗನ್ನು ಅಡಗಿಸುವುದರಲ್ಲಿ ಮಗ್ನರಾಗಿರುವಾಗ, ಟಿಕೇಟು ಕೊಂಡು ಕುರ್ಚಿಯಲ್ಲಿ ಕುಳಿತು ತಾನೇ ನೋಡಿ ಒಳಿತು ಕೆಡುಕುಗಳನ್ನು ತೂಗಬೇಕಾದ ಸಾಮಾನ್ಯ ಪ್ರೇಕ್ಷಕನನ್ನು ಕೇಳುವವರೇ ಇಲ್ಲವಾಗುತ್ತದೆ. ರಾಯಚೂರು, ದೇವದುರ್ಗ, ಮಾನ್ವಿಗಳ ನಮ್ಮ ವಾಚಕರು ಈ ಮೂರನೆಯ ವರ್ಗಕ್ಕೆ ಸೇರಿದವರು. ಅವರ ಪರವಾಗಿ ಎರಡು ಮಾತುಗಳನ್ನು ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಈ ವಿಚಾರಕ್ಕೆ ತಕ್ಕ ನಿದರ್ಶನವು ನಮ್ಮ ಕರ್ನಾಟಕದ ಮಣ್ಣಿನಲ್ಲಿಯೇ ಇದೆ. ಬೆಂಗಳೂರು–ಮೈಸೂರು ದಾರಿಯಲ್ಲಿರುವ ರಾಮನಗರದ ಬಂಡೆಗಳ ನಡುವೆ 1973ರ ಅಕ್ಟೋಬರದಲ್ಲಿ ಚಿತ್ರೀಕರಣ ಮೊದಲಾಗಿ, 1975ನೆಯ ಇಸವಿ ಆಗಸ್ಟ್ 15ರಂದು ಬಿಡುಗಡೆಯಾದ 'ಶೋಲೆ' ಎಂಬ ಹಿಂದೀ ಚಿತ್ರವನ್ನು ಅರಿಯದವರಾರು? ಜಿ. ಪಿ. ಸಿಪ್ಪಿಯವರು ನಿರ್ಮಾಪಕರು, ಅವರ ಮಗ ರಮೇಶ ಸಿಪ್ಪಿಯವರು ನಿರ್ದೇಶಕರು, ಸಲೀಮ್–ಜಾವೇದ್ ಜೋಡಿಯವರು ಕಥೆ ಬರೆದವರು. ಇಡೀ ಒಂದು ಹಳ್ಳಿಯನ್ನು ಆ ಬೆಟ್ಟದ ಬುಡದಲ್ಲಿ ಹೊಸದಾಗಿ ಕಟ್ಟಿದರು. ಚಿತ್ರ ಮುಗಿದ ಮೇಲೂ ಅಲ್ಲಿಯ ಒಂದು ಭಾಗಕ್ಕೆ ಸಿಪ್ಪಿನಗರವೆಂಬ ಹೆಸರು ಜನರ ಬಾಯಲ್ಲಿ ಉಳಿಯಿತು. ಅಮೇರಿಕದ ಪಶ್ಚಿಮ ಸೀಮೆಯ ಕುದುರೆ ಸವಾರರು, ಬಂದೂಕುಗಳು, ಡಕಾಯಿತರು, ದಿಕ್ಕಿಲ್ಲದ ಊರು ಇವುಗಳನ್ನು ವಸ್ತುವಾಗಿ ಉಳ್ಳ ಚಿತ್ರಗಳನ್ನು ವೆಸ್ಟರ್ನ್ ಎಂದೂ, ನಮ್ಮ ಜನರ ಮಾತಿನಲ್ಲಿ ಕೌಬಾಯ್ ಚಿತ್ರವೆಂದೂ ಕರೆಯುವರಷ್ಟೆ. ಆ ಜಾತಿಯ ಚಿತ್ರಗಳಲ್ಲಿ ಭಾರತದೇಶವು ತನ್ನದೆಂದು ಒಪ್ಪಿಕೊಂಡದ್ದು 'ಶೋಲೆ'ಯನ್ನೇ.

ಇದರ ವಂಶಾವಳಿಯು ಬಹಳ ಸ್ವಾರಸ್ಯವಾಗಿದೆ. ಜಪಾನಿನ ಅಕಿರಾ ಕುರೊಸಾವಾ ಅವರು 1954ರಲ್ಲಿ 'ಸೆವೆನ್ ಸಮುರಾಯ್' ಎಂಬ ಚಿತ್ರವನ್ನು ತೆಗೆದರು. ಬೆಳೆ ಬಂದ ಕೂಡಲೆ ಸುಲಿಯುವುದಕ್ಕೆ ಹೊಂಚು ಹಾಕಿದ ದರೋಡೆಕೋರರನ್ನು ಎದುರಿಸುವುದಕ್ಕಾಗಿ ಬಡ ರೈತರು ಏಳು ಮಂದಿ ಯೋಧರನ್ನು ಕರೆತರುವ ಕಥೆ ಅದು. 1960ರಲ್ಲಿ ಜಾನ್ ಸ್ಟರ್ಜಸ್ ಅವರು ಅದನ್ನೇ ಅಮೇರಿಕದ ಉಡುಗೆ ತೊಡಿಸಿ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಮಾಡಿದರು. ಸಲೀಮ್–ಜಾವೇದರು ಇಂಥ ಚಿತ್ರಗಳಿಂದಲೂ, ಇಟಲಿಯ ಸರ್ಜಿಯೊ ಲಿಯೋನೆಯ ಚಿತ್ರಗಳಿಂದಲೂ ಎಳೆಗಳನ್ನು ಬಿಡಿಸಿಕೊಂಡು ನಮ್ಮ ದೇಶದ ಮಗ್ಗದಲ್ಲಿ ನೆಯ್ದರು. ಜಪಾನಿನ ಬತ್ತಳಿಕೆಯಿಂದ ಹೊರಟ ಬಾಣವು ಅಮೇರಿಕವನ್ನು ಸುತ್ತಿ ರಾಮನಗರದ ಬಂಡೆಗೆ ಬಂದು ತಾಗಿತೆಂದರೆ ತಪ್ಪಾಗದು.

ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದು, ರಾಶಿ ಮಾಡಿ ಮನೆಗೆ ತರುವವರೆಗೆ ಜೀವ ಕೈಯಲ್ಲಿ ಹಿಡಿದಿರುವ ಮಾನ್ವಿಯ ರೈತನಿಗೆ ಈ ಕಥೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೆಳೆದವನೊಬ್ಬ, ಒಯ್ಯುವವನೊಬ್ಬ ಎಂಬ ಸಂಕಟವು ಎಲ್ಲ ಭಾಷೆಗಳಲ್ಲಿಯೂ ಒಂದೇ. ರಜಾಕಾರರ ಹಾವಳಿಯ 1947–48ರ ದಿನಗಳಲ್ಲಿ ನಿಜಾಮ ಸಂಸ್ಥಾನದ ಈ ಭಾಗದ ಹಳ್ಳಿಗಳು ಸುಲಿಗೆಗೆ ಅಂಜಿ ರಾತ್ರಿಗಳನ್ನು ಕಳೆದುದನ್ನೂ, ಅಂದು ರಾಯಚೂರು ಜಿಲ್ಲೆಗೇ ಸೇರಿದ್ದ ಕೊಪ್ಪಳ ಸೀಮೆಯ ಜನರ ರಕ್ಷಣೆಗಾಗಿ ಅಳವಂಡಿ ಶಿವಮೂರ್ತಿಸ್ವಾಮಿಯವರು ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರ ಹೂಡಿದುದನ್ನೂ ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ದಿಕ್ಕಿಲ್ಲದ ಊರು ತನ್ನ ಕಾವಲಿಗೆ ಗಂಡೆದೆಯವರನ್ನು ಹುಡುಕುವ ಕಥೆಯು ಈ ದೋಆಬಿನ ಜನಕ್ಕೆ ಪರದೇಶದ ಸೊತ್ತಾಗಿ ಕಾಣದೆ ಇರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇನ್ನು 'ಶೋಲೆ'ಯ ಸ್ವಂತ ಚರಿತ್ರೆಯನ್ನು ನೋಡೋಣ. ಜನರ ಪ್ರತಿಕ್ರಿಯೆಯನ್ನು ಸಂಭಾಳಿಸುವ ವಿದ್ಯೆಯ ಬಗ್ಗೆ ಅದು ಎರಡು ಪಾಠಗಳನ್ನು ಕಲಿಸುತ್ತದೆ. ಮೊದಲನೆಯದು ಸರ್ಕಾರದ ಕೈವಾಡದ್ದು. ಚಿತ್ರವು ಸಿದ್ಧವಾದಾಗ ಅದರ ಕೊನೆಯಲ್ಲಿ, ಎರಡೂ ಕೈಗಳನ್ನು ಕಳೆದುಕೊಂಡ ಠಾಕೂರನು ಗಬ್ಬರ್ ಸಿಂಗನನ್ನು ತಾನೇ ಕೊಲ್ಲುತ್ತಿದ್ದನು. ಅಷ್ಟರಲ್ಲಿ 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಿತವಾಗಿತ್ತು. ಪೋಲೀಸು ಅಧಿಕಾರಿಯಾಗಿದ್ದವನೊಬ್ಬನು ಕಾನೂನನ್ನು ಕೈಗೆ ತೆಗೆದುಕೊಳ್ಳುವುದನ್ನು ಜನರು ನೋಡಬಾರದೆಂದು ಸೆನ್ಸಾರಿನವರು ಹಟ ಹಿಡಿದರು. ಕೊನೆಯನ್ನು ಮತ್ತೆ ಚಿತ್ರೀಕರಿಸಬೇಕಾಯಿತು. ಸರಿಯಾದ ಹೊತ್ತಿಗೆ ಪೋಲೀಸರು ಬಂದು ನಿಂತರು, ಗಬ್ಬರನು ಉಳಿದನು. ಐವತ್ತು ವರ್ಷಗಳ ತನಕ ಜನರು ಚಿತ್ರಮಂದಿರಗಳಲ್ಲಿ ನೋಡಿದ್ದು ಈ ಅಧಿಕಾರಿಗಳ ಕೊನೆಯನ್ನೇ. ಜನರ ಮನಸ್ಸಿಗೆ ಏನಾದೀತೆಂಬ ಭಯದಿಂದ ಸರ್ಕಾರವು ಮುಂಗಡವಾಗಿಯೇ ಕತ್ತರಿಯಾಡಿಸಿದ ಈ ಕೆಲಸದಿಂದ ದೇಶದ ಶಾಂತಿಗೆ ಕವಡೆಯಷ್ಟಾದರೂ ಲಾಭವಾಯಿತೆಂದು ಹೇಳುವವರನ್ನು ನಾವು ಇದುವರೆಗೆ ಕಂಡಿಲ್ಲ.

ಎರಡನೆಯ ಪಾಠವು ಇದಕ್ಕಿಂತಲೂ ಬೆಲೆಯುಳ್ಳದ್ದು. ಚಿತ್ರವು ತೆರೆಕಂಡ ಮೊದಲ ದಿನಗಳಲ್ಲಿ ಪತ್ರಿಕೆಗಳ ವಿಮರ್ಶಕರು ಹಗುರಾಗಿ ಬರೆದರು; ವ್ಯಾಪಾರದವರು ನಷ್ಟದ ಲೆಕ್ಕ ಹಾಕಿದರು; ಪ್ರೇಕ್ಷಕರು ಚಪ್ಪಾಳೆ ತಟ್ಟದೆ ಮೌನವಾಗಿ ಎದ್ದುಹೋದರು. ಗಾಬರಿಗೊಂಡ ಚಿತ್ರತಂಡದವರು ಸೇರಿ, ಜಯ್ ಎಂಬ ಪಾತ್ರವು ಸಾಯುವುದರಿಂದಲೇ ಜನಕ್ಕೆ ಬೇಸರವಾಗಿರಬೇಕು, ಅವನನ್ನು ಬದುಕಿಸಿ ಕೊನೆಯನ್ನು ಮತ್ತೆ ತೆಗೆಯೋಣವೆ ಎಂದು ಆಲೋಚಿಸಿದರು. ಕಡೆಗೆ ಇನ್ನು ಕೆಲವು ದಿನ ಕಾದುನೋಡುವುದೆಂದು ತೀರ್ಮಾನವಾಯಿತು. ಕಾದದ್ದು ಫಲಿಸಿತು. ನೋಡಿದವನು ನೋಡದವನಿಗೆ ಹೇಳಿದನು. ಮಾತುಗಳು ಬಾಯಿಂದ ಬಾಯಿಗೆ ಹರಿದವು. ಗ್ರಾಮಫೋನ್ ತಟ್ಟೆಗಳಲ್ಲಿ ಹಾಡಿಗೆ ಬದಲಾಗಿ ಸಂಭಾಷಣೆಗಳೇ ಮಾರಾಟವಾದವು. ಮುಂಬಯಿಯ ಮಿನರ್ವಾ ಥಿಯೇಟರಿನಲ್ಲಿ ಚಿತ್ರವು ಐದು ವರ್ಷ ಓಡಿತು. ಮೊದಲ ವಾರದ ಮೌನವು ತಿರಸ್ಕಾರವಾಗಿರಲಿಲ್ಲ. ಹೊಸದನ್ನು ಅರಗಿಸಿಕೊಳ್ಳುತ್ತಿರುವವರ ಮೌನವಾಗಿತ್ತು. ಅಂದು ಆತುರಪಟ್ಟು ಜನರನ್ನು ಓಲೈಸಲು ಹೋಗಿದ್ದರೆ ಆ ಮೌನದ ಅರ್ಥವೇ ತಿಳಿಯುತ್ತಿರಲಿಲ್ಲ.

ಹಾಗಾದರೆ ಹಳೆಯದನ್ನು ಹೊಸದಾಗಿ ಮಾಡುವ ಕೆಲಸಕ್ಕೆ ಜನರು ಯಾವಾಗಲೂ ಒಲಿಯುತ್ತಾರೆಯೆ? ಇಲ್ಲವೆಂಬುದಕ್ಕೂ 'ಶೋಲೆ'ಯೇ ಸಾಕ್ಷಿ. ರಾಮ್‌ಗೋಪಾಲ ವರ್ಮಾ ಅವರು ಅದೇ ಕಥೆಯನ್ನು ಮತ್ತೊಮ್ಮೆ ತೆಗೆಯಲು ಹೊರಟು, ಮೊದಲು ತಮ್ಮ ಹೆಸರಿನೊಡನೆ 'ಶೋಲೆ'ಯ ಹೆಸರನ್ನೇ ಜೋಡಿಸಿಕೊಂಡರು. ಹಳೆಯ ಚಿತ್ರದ ಹಕ್ಕುದಾರರು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋದರು. ಹೆಸರು 'ಆಗ್' ಎಂದು ಬದಲಾಯಿತು. ಹಿಂದೆ ಜಯ್ ಆಗಿ ಜನರ ಕಣ್ಣೀರು ಗಳಿಸಿದ ಅಮಿತಾಭ ಬಚ್ಚನ್ನರೇ ಇದರಲ್ಲಿ ಡಕಾಯಿತನ ಪಾತ್ರ ವಹಿಸಿದರು. 2007ರ ಆಗಸ್ಟ್ 31ರಂದು ಚಿತ್ರವು ಹೊರಬಂದಿತು. ಜನರು ಹೋದರು, ನೋಡಿದರು, ತಲೆಯಲ್ಲಾಡಿಸಿದರು. ಎರಡನೆಯ ಬಾರಿ ಯಾರೂ ಹೋಗಲಿಲ್ಲ. ಯಾರ ಅಪ್ಪಣೆಯೂ ಇಲ್ಲದೆ, ಟಿಕೇಟಿನ ಕಿಟಕಿಯ ಮುಂದೆ ಮಾತ್ರ, ಜನರು ತಮ್ಮ ತೀರ್ಪನ್ನು ಕೊಟ್ಟರು. ಕೃತಿಸ್ವಾಮ್ಯದ ವಿಚಾರವು ನ್ಯಾಯಾಲಯದಲ್ಲಿ ನಡೆದು, 2015ರಲ್ಲಿ ಹಕ್ಕುದಾರರಿಗೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆಯಾಯಿತು. ಸೊತ್ತಿನ ಪ್ರಶ್ನೆಗೆ ನ್ಯಾಯಾಲಯ, ರುಚಿಯ ಪ್ರಶ್ನೆಗೆ ಪ್ರೇಕ್ಷಕ: ಈ ಎರಡು ಕಟ್ಟೆಗಳಿರುವಾಗ ಮೂರನೆಯ ಕಟ್ಟೆಯ ಅಗತ್ಯವೇನಿದೆ?

ಇದಕ್ಕೆ ಪ್ರತಿಯಾಗಿ ಮತ್ತೊಂದು ಘಟನೆಯನ್ನು ಇಡುತ್ತೇವೆ. 2025ನೆಯ ಇಸವಿಯು 'ಶೋಲೆ'ಗೆ ಐವತ್ತು ತುಂಬಿದ ವರ್ಷ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಂಸ್ಥೆಯು ಹಕ್ಕುದಾರರೊಡನೆ ಕೂಡಿ ಚಿತ್ರವನ್ನು ಜೀರ್ಣೋದ್ಧಾರ ಮಾಡಿತು. ಸೆನ್ಸಾರಿನವರು ತೆಗೆಸಿಹಾಕಿದ್ದ ಮೂಲದ ಕೊನೆಯನ್ನು ಮತ್ತೆ ಸೇರಿಸಿ, ಜೂನ್ ತಿಂಗಳಲ್ಲಿ ಇಟಲಿಯ ಬೊಲೊನ್ಯಾ ನಗರದ ಉತ್ಸವದಲ್ಲಿ ಬಯಲು ಚೌಕದ ತೆರೆಯ ಮೇಲೆ ತೋರಿಸಿದರು. ಡಿಸೆಂಬರದಲ್ಲಿ ನಮ್ಮ ದೇಶದ ಚಿತ್ರಮಂದಿರಗಳಿಗೂ ತಂದರು. ಐವತ್ತು ವರ್ಷ ಜನರು ಒಪ್ಪಿಕೊಂಡು ಬಂದ ಕೊನೆಯನ್ನೇ ಬದಲಿಸುವುದೆಂದರೆ ಸಣ್ಣ ಸಾಹಸವೆ? ಆದರೂ ಕೋಲಾಹಲವಾಗಲಿಲ್ಲ. ಏಕೆಂದರೆ ಏನನ್ನು ಬದಲಿಸಿದ್ದೇವೆ, ಏಕೆ ಬದಲಿಸಿದ್ದೇವೆ, ಹಿಂದೆ ಅದನ್ನು ಬದಲಿಸಿದವರು ಯಾರು ಎಂಬುದನ್ನು ಮೊದಲೇ ಬಿಚ್ಚಿ ಹೇಳಿದ್ದರು. ಮರೆಮಾಚದೆ ಹೇಳಿದವನೊಡನೆ ಜನರು ವಾದ ಮಾಡಬಹುದು, ಜಗಳವಾಡುವುದಿಲ್ಲ. ಒಂದೇ ಕಥೆ, 2007ರಲ್ಲಿ ಹಳೆಯ ಹೆಸರಿನ ಬೆಳಕಿನಲ್ಲಿ ಚಳಿ ಕಾಯಿಸಿಕೊಳ್ಳಲು ನೋಡಿದವರಿಗೆ ಸೋಲಾಯಿತು, 2025ರಲ್ಲಿ ಹಳೆಯದರ ಋಣವನ್ನು ಒಪ್ಪಿಕೊಂಡು ಬಂದವರಿಗೆ ಗೌರವ ದೊರೆಯಿತು.

ಋಣವನ್ನು ಒಪ್ಪದವರ ಕಥೆಯು ವಿದೇಶದಲ್ಲಿಯೂ ಇದೆ. ಕುರೊಸಾವಾ ಅವರ 1961ರ 'ಯೊಜಿಂಬೊ' ಚಿತ್ರವನ್ನು ಲಿಯೋನೆಯು 1964ರಲ್ಲಿ ಅಪ್ಪಣೆ ಪಡೆಯದೆ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಆಗಿ ಮಾರ್ಪಡಿಸಿದನು. ವ್ಯಾಜ್ಯವು ಬೆಳೆದು, ಆದಾಯದಲ್ಲಿ ನೂರಕ್ಕೆ ಹದಿನೈದು ಪಾಲನ್ನೂ, ಜಪಾನು ಮೊದಲಾದ ದೇಶಗಳ ಪ್ರದರ್ಶನದ ಹಕ್ಕನ್ನೂ ಮೂಲದವರಿಗೆ ಬಿಟ್ಟುಕೊಡಬೇಕಾಯಿತು. ಆದರೂ ಲಿಯೋನೆಯ ಚಿತ್ರವನ್ನು ಲೋಕವು ಮೆಚ್ಚಿತು. ಆ ಇಟಲಿಯ ಮಾದರಿಯು ನಮ್ಮ ನೆರೆಯ ತೆಲುಗು ನಾಡಿಗೂ ಬಂದು, 1971ರಲ್ಲಿ ಕೆ. ಎಸ್. ಆರ್. ದಾಸ್ ಅವರ ನಿರ್ದೇಶನದಲ್ಲಿ ಕೃಷ್ಣ ಅವರು ಕೌಬಾಯ್ ವೇಷ ತೊಟ್ಟ 'ಮೋಸಗಾಳ್ಳಕು ಮೋಸಗಾಡು' ಹುಟ್ಟಿತು. ಅದೇ ದಾಸ್ ಅವರು ಮುಂದೆ ಕನ್ನಡದಲ್ಲಿಯೂ ಹಲವು ಚಿತ್ರಗಳನ್ನು ನಿರ್ದೇಶಿಸಿದರು. 2023ರ ಮೇ ತಿಂಗಳಲ್ಲಿ ಆ ತೆಲುಗು ಚಿತ್ರವೂ ಹೊಸ ಮೆರುಗು ಪಡೆದು ಮತ್ತೆ ತೆರೆಗೆ ಬಂದಿತು. ಕಥೆಗಳಿಗೆ ರಹದಾರಿ ಬೇಕಿಲ್ಲ. ಅವುಗಳ ಒಡೆಯರಿಗೆ ಮಾತ್ರ ನ್ಯಾಯ ಸಲ್ಲಬೇಕು.

ಹಳೆಯ ಕಥೆಯನ್ನು ಹೊಸದಾಗಿ ಹೇಳುವುದೇ ಅಪಚಾರವೆಂಬ ಮಾತನ್ನು ಕನ್ನಡಿಗರಾದ ನಾವಂತೂ ಆಡಲಾರೆವು. ವ್ಯಾಸರ ಭಾರತವನ್ನು ಹತ್ತನೆಯ ಶತಮಾನದಲ್ಲಿ ಪಂಪನು ಅರ್ಜುನನ ಕಥೆಯಾಗಿ ಮಾಡಿ ತನ್ನ ದೊರೆ ಅರಿಕೇಸರಿಯನ್ನು ಅದರಲ್ಲಿ ಕೂರಿಸಿದನು. ರನ್ನನು ಅದೇ ಭಾರತದ ಕೊನೆಯ ದಿನವನ್ನು ಎತ್ತಿಕೊಂಡು ದುರ್ಯೋಧನನಿಗಾಗಿ ನಮ್ಮ ಕಣ್ಣು ಒದ್ದೆಯಾಗುವಂತೆ ಮಾಡಿದನು. ಕುಮಾರವ್ಯಾಸನು ಬಂದು ಎಲ್ಲವನ್ನೂ ಕೃಷ್ಣನ ಲೀಲೆಯನ್ನಾಗಿ ಹಾಡಿದನು. ನಾಗಚಂದ್ರನ ರಾಮಾಯಣದಲ್ಲಿ, ಜೈನ ಸಂಪ್ರದಾಯಕ್ಕನುಸಾರವಾಗಿ, ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಕೊನೆಯನ್ನು ಬದಲಿಸುವುದೆಂದರೆ ಇದಕ್ಕಿಂತ ಹೆಚ್ಚಿನದುಂಟೆ? ಆದರೂ ವಾಲ್ಮೀಕಿಯನ್ನು ಪೂಜಿಸುವ ಕನ್ನಡಿಗರು ನಾಗಚಂದ್ರನನ್ನೂ ಓದಿಕೊಂಡು ಬಂದಿದ್ದಾರೆ. ನಮ್ಮ ಸೀಮೆಯ ಬಯಲಾಟಗಳಲ್ಲಿ ಒಂದೇ ಪ್ರಸಂಗವನ್ನು ಊರಿಗೊಂದು ಬಗೆಯಾಗಿ ಆಡುತ್ತಾರೆ; ಈ ವರ್ಷದ ಭೀಮನು ಹಿಂದಿನ ವರ್ಷದ ಭೀಮನಿಗೆ ಸಾಟಿಯಲ್ಲವೆಂದು ಬೆಳಗಿನವರೆಗೆ ಕುಳಿತು ನೋಡಿದ ಮುದುಕರು ಕಟ್ಟೆಯ ಮೇಲೆ ತೀರ್ಪು ಕೊಡುತ್ತಾರೆ. ಆಟ ಆಡುವುದಕ್ಕೆ ಮೊದಲೇ ಕಂಬ ಕೀಳುವುದು ನಮ್ಮ ಪದ್ಧತಿಯಲ್ಲ.

ಇನ್ನೂ ಹತ್ತಿರದ ನಿದರ್ಶನ ಬೇಕಾದರೆ ಮಾನ್ವಿ, ದೇವದುರ್ಗಗಳಲ್ಲಿಯೇ ಇದೆ. ಹದಿನೆಂಟನೆಯ ಶತಮಾನದಲ್ಲಿ ಮಾನ್ವಿಯಲ್ಲಿದ್ದ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು, ಶಾಸ್ತ್ರದ ತತ್ತ್ವಗಳನ್ನು ಕನ್ನಡದ ಹಾಡುಗಳಲ್ಲಿ ಹೇಳುವ ದಾಸರನ್ನು ಕಂಡರೆ ತಾತ್ಸಾರ ಮಾಡುತ್ತಿದ್ದರಂತೆ. ಮಾನ್ವಿಯ ಸೀಮೆಯದೇ ಆದ ಚೀಕಲಪರವಿಯ ವಿಜಯದಾಸರು ಆ ಊರಿಗೆ ಬಂದಾಗಲೂ ಪಂಡಿತರು ಅವರ ಕರೆಯನ್ನು ಮನ್ನಿಸಲಿಲ್ಲವೆಂದು ಸಂಪ್ರದಾಯದ ಕಥೆಯು ಹೇಳುತ್ತದೆ. ಬಳಿಕ ಹೊಟ್ಟೆಯ ಬೇನೆಯಿಂದ ನರಳಿ, ದೇವದುರ್ಗ ಸೀಮೆಯ ಮೊಸರಕಲ್ಲಿನವರಾದ ಗೋಪಾಲದಾಸರ ಅನುಗ್ರಹದಿಂದ ಗುಣ ಹೊಂದಿ, ಅವರ ಹಾಡುಗಳನ್ನು ಕೇಳಿ ಮನಸ್ಸು ತಿರುಗಿತಂತೆ. ಕನ್ನಡವನ್ನು ಹಗುರಾಗಿ ಕಂಡ ಆ ಪಂಡಿತರೇ ಜಗನ್ನಾಥದಾಸರಾಗಿ 'ಹರಿಕಥಾಮೃತಸಾರ'ವನ್ನು ಕನ್ನಡದ ಭಾಮಿನೀ ಷಟ್ಪದಿಯಲ್ಲಿ ಬರೆದರು. ಪವಾಡವನ್ನು ನಂಬುವುದು ಬಿಡುವುದು ಅವರವರ ಭಾವಕ್ಕೆ ಸೇರಿದ್ದು. ಕೇಳುವುದಕ್ಕೆ ಮೊದಲು ತಿರಸ್ಕರಿಸಿದವರು ಕೇಳಿದ ಮೇಲೆ ಬದಲಾದರೆಂಬ ಅಂಶವನ್ನು ಮಾತ್ರ ನಾವು ಇಲ್ಲಿ ಹಿಡಿದುಕೊಳ್ಳುತ್ತೇವೆ. ಅಂದು ಯಾರಾದರೂ ಹಿರಿಯರ ಮನಸ್ಸು ನೋಯುತ್ತದೆಂಬ ನೆಪದಿಂದ ದಾಸರ ತಂಬೂರಿಯನ್ನು ಕಸಿದುಕೊಂಡಿದ್ದರೆ ಕನ್ನಡಕ್ಕೆ ಆಗುತ್ತಿದ್ದ ನಷ್ಟವನ್ನು ಯಾರು ತುಂಬಿಕೊಡುತ್ತಿದ್ದರು?

ಜನರ ಅಸಮಾಧಾನವನ್ನು ಅಧಿಕಾರದ ಬಲದಿಂದ ಮೊದಲೇ ತಡೆಯಲು ಹೋದರೆ ಏನಾಗುತ್ತದೆಂಬುದನ್ನು ಮೇಲೆ ಹೇಳಿದ 'ಮ್ಯಾಗ್ನಿಫಿಸೆಂಟ್ ಸೆವೆನ್' ಚಿತ್ರವೇ ತೋರಿಸುತ್ತದೆ. ಅದರ ಚಿತ್ರೀಕರಣವು ನಡೆದದ್ದು ಮೆಕ್ಸಿಕೋ ದೇಶದಲ್ಲಿ. ಅದಕ್ಕೆ ಮೊದಲು 1954ರಲ್ಲಿ ಬಂದ 'ವೆರಾ ಕ್ರೂಜ್' ಎಂಬ ಅಮೇರಿಕದ ಚಿತ್ರವು ತಮ್ಮ ಜನರನ್ನು ಕೀಳಾಗಿ ತೋರಿಸಿತೆಂದು ಅಲ್ಲಿಯವರು ನೊಂದುಕೊಂಡಿದ್ದರು. ನೋವು ನ್ಯಾಯವಾದುದೇ. ಅದಕ್ಕೆ ಮದ್ದಾಗಿ ಅಲ್ಲಿಯ ಸರ್ಕಾರವು ಸೆನ್ಸಾರಿನವರನ್ನು ಚಿತ್ರೀಕರಣದ ಜಾಗಕ್ಕೇ ಕಳುಹಿಸಿತು. ಫಲವೇನೆಂದರೆ, ಸುಲಿಗೆಯಿಂದ ಬಡವಾದ ಆ ಹಳ್ಳಿಯ ರೈತರು ಹೊಲದ ಕೆಸರಿನಲ್ಲಿಯೂ ಅಗಸನ ಮನೆಯಿಂದ ಆಗತಾನೆ ಬಂದಂತಹ ಬಿಳಿಯ ಬಟ್ಟೆಯಲ್ಲಿಯೇ ಕಾಣಿಸಿಕೊಂಡರು! ಗೌರವವನ್ನು ಕೇಳಿದವರಿಗೆ ದೊರೆತದ್ದು ಶುಭ್ರವಾದ ಅಂಗಿ. 2016ರಲ್ಲಿ ಅಂಟ್ವಾನ್ ಫುಕ್ವಾ ಅವರು ಇದೇ ಚಿತ್ರವನ್ನು ಮತ್ತೆ ತೆಗೆದಾಗ ಊರಿನವರು ಮೆಕ್ಸಿಕೋದವರಾಗಿರಲಿಲ್ಲ. ರಕ್ಷಿಸುವ ಏಳು ಮಂದಿಯಲ್ಲಿ ಕರಿಯ ನಾಯಕನೂ, ಮೆಕ್ಸಿಕೋದವನೂ, ಪೂರ್ವ ಏಷಿಯದವನೂ, ಅಮೇರಿಕದ ಮೂಲನಿವಾಸಿಯೂ ಇದ್ದರು. ಹಳೆಯದರ ಅಭಿಮಾನಿಗಳಲ್ಲಿ ಕೆಲವರು ಗೊಣಗಿದರು, ಕೆಲವರು ಮೆಚ್ಚಿದರು. ಹಳೆಯ ಚಿತ್ರಕ್ಕೆ ಯಾವ ಹಾನಿಯೂ ತಟ್ಟಲಿಲ್ಲ. ಕತ್ತರಿಯಿಂದ ಆಗದ ತಿದ್ದುಪಾಟು ಕಾಲದಿಂದಲೂ ಹೊಸ ಕಲಾವಿದರ ಮನಸ್ಸಿನಿಂದಲೂ ಆಗುವುದೆಂಬುದಕ್ಕೆ ಇದು ಸಾಕ್ಷಿ.

ನಮ್ಮ ರಾಜ್ಯದ ಅನುಭವವೇನು? 2025ರ ಮೇ ತಿಂಗಳಲ್ಲಿ ತಮಿಳು ನಟ ಕಮಲಹಾಸನ್ ಅವರು ಕನ್ನಡವು ತಮಿಳಿನಿಂದ ಹುಟ್ಟಿತೆಂದು ಆಡಿದ ಮಾತು ಕನ್ನಡಿಗರನ್ನು ಕೆರಳಿಸಿತು. ಕೆರಳಿದುದು ಸಹಜ. ಕನ್ನಡವೂ ತಮಿಳೂ ಒಂದೇ ದ್ರಾವಿಡ ಮೂಲದಿಂದ ಕವಲೊಡೆದ ಸೋದರಿಯರೆಂಬುದು ಭಾಷಾಶಾಸ್ತ್ರದ ನಿರ್ಣಯ. ಅಕ್ಕನನ್ನು ತಾಯಿಯೆಂದು ಕರೆದರೆ ಇಬ್ಬರಿಗೂ ಮರ್ಯಾದೆಯಲ್ಲ. ಆದರೆ ಆ ನಟರ 'ಥಗ್ ಲೈಫ್' ಚಿತ್ರವನ್ನು ರಾಜ್ಯದಲ್ಲಿ ತೋರಿಸಗೊಡುವುದಿಲ್ಲವೆಂಬ ಬೆದರಿಕೆಗಳು ಹುಟ್ಟಿ, ವಾಣಿಜ್ಯ ಮಂಡಳಿಯೂ ಹಿಂಜರಿದು, ವಿಷಯವು ಸರ್ವೋಚ್ಚ ನ್ಯಾಯಾಲಯದ ಬಾಗಿಲಿಗೆ ಹೋಯಿತು. ಪ್ರಮಾಣಪತ್ರ ಪಡೆದ ಚಿತ್ರವನ್ನು ಗುಂಪಿನ ಭಯಕ್ಕಾಗಿ ತಡೆಯಲಾಗದು, ಪ್ರದರ್ಶನಕ್ಕೆ ರಕ್ಷಣೆ ಕೊಡುವುದು ಸರ್ಕಾರದ ಹೊಣೆ ಎಂದು ಜೂನ್ ತಿಂಗಳಲ್ಲಿ ಆ ನ್ಯಾಯಾಲಯವು ತಿಳಿಯಹೇಳಿತು. ಇದು ಹೊಸ ಧರ್ಮವೇನೂ ಅಲ್ಲ. 1989ರಲ್ಲಿಯೇ 'ಒರೇ ಒರು ಗ್ರಾಮತ್ತಿಲೆ' ಎಂಬ ತಮಿಳು ಚಿತ್ರದ ಮೊಕದ್ದಮೆಯಲ್ಲಿ, ಗಲಭೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯ ಸ್ವಾತಂತ್ರ್ಯವನ್ನು ಬಲಿಗೊಡಬಾರದೆಂದು ಅದೇ ನ್ಯಾಯಾಲಯವು ಹೇಳಿತ್ತು. ಈ ಪ್ರಸಂಗವು ಹಳೆಯ ಚಿತ್ರದ ಹೊಸ ರೂಪಕ್ಕೆ ಸಂಬಂಧಿಸಿದುದಲ್ಲವಾದರೂ, ಜನರ ಕೋಪವನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಪ್ರಶ್ನೆಯು ಎರಡರಲ್ಲಿಯೂ ಒಂದೇ. ಸುಳ್ಳು ಮಾತಿಗೆ ಉತ್ತರವು ಹಲ್ಮಿಡಿಯ ಶಾಸನದಲ್ಲಿದೆ, ನಮ್ಮ ವಿದ್ವಾಂಸರ ಲೇಖನಿಯಲ್ಲಿದೆ; ಥಿಯೇಟರಿನ ಗಾಜು ಒಡೆಯುವುದರಲ್ಲಿಲ್ಲ.

ಇಲ್ಲಿ ನಮ್ಮ ಗಡಿಸೀಮೆಯ ವಾಚಕರಿಗೆ ವಿಶೇಷವಾಗಿ ಸಂಬಂಧಿಸಿದ ಇನ್ನೊಂದು ವಿಷಯವಿದೆ. ಕನ್ನಡ ಚಿತ್ರೋದ್ಯಮವು ಇನ್ನೂ ಎಳೆಯ ಸಸಿಯಾಗಿದ್ದ 1960ರ ದಶಕದಲ್ಲಿ, ಪರಭಾಷಾ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸಿ ತೋರಿಸುವ ಡಬ್ಬಿಂಗಿನ ವಿರುದ್ಧ ದೊಡ್ಡ ಚಳವಳಿ ನಡೆಯಿತು. ನಮ್ಮ ಕಲಾವಿದರ ಅನ್ನವನ್ನು ಉಳಿಸಬೇಕೆಂಬ ಆ ಹಿರಿಯರ ಕಾಳಜಿಯನ್ನು ನಾವು ಗೌರವಿಸುತ್ತೇವೆ. ಆದರೆ ಸಸಿಗೆ ಹಾಕಿದ ಬೇಲಿಯನ್ನು ಮರವಾದ ಮೇಲೂ ತೆಗೆಯದೆ ಅರ್ಧ ಶತಮಾನ ಉಳಿಸಿಕೊಂಡದ್ದರ ಫಲವೇನು? ರಾಯಚೂರಿನಂತಹ, ತೆಲುಗು ನಾಡಿಗೆ ಅಂಟಿಕೊಂಡಿರುವ, ಉರ್ದು ಹಿಂದಿಗಳೂ ಬೀದಿಯಲ್ಲಿ ಕೇಳಿಬರುವ ಊರಿನಲ್ಲಿ ಜನರು ಪರಭಾಷೆಯ ಚಿತ್ರಗಳನ್ನು ನೋಡುವುದನ್ನು ಬಿಡಲಿಲ್ಲ. ಕನ್ನಡದಲ್ಲಿ ನೋಡುವ ಅವಕಾಶವನ್ನು ಮಾತ್ರ ಕಳೆದುಕೊಂಡರು. ತಡೆದದ್ದು ಚಿತ್ರಗಳನ್ನೆಂದು ಭಾವಿಸಿದ್ದೆವು, ತಡೆಯಲ್ಪಟ್ಟದ್ದು ಕನ್ನಡ. ಗ್ರಾಹಕರ ದೂರಿನ ಮೇಲೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಈ ಅಘೋಷಿತ ನಿಷೇಧವು ತಪ್ಪೆಂದು ಹೇಳಿ ದಂಡ ವಿಧಿಸಿತು. 2017ರಲ್ಲಿ 'ಸತ್ಯದೇವ್ ಐ.ಪಿ.ಎಸ್.' ಎಂಬ ಹೆಸರಿನಲ್ಲಿ ತಮಿಳು ಚಿತ್ರವೊಂದು ಕನ್ನಡದ ಮಾತು ಕಲಿತು ತೆರೆಗೆ ಬಂದಿತು. ಕನ್ನಡ ಚಿತ್ರೋದ್ಯಮವು ಅದರಿಂದ ಮುಳುಗಲಿಲ್ಲ. 2018ರ 'ಕೆ.ಜಿ.ಎಫ್.' ಚಿತ್ರವು ತಾನೇ ನಾಲ್ಕು ಪರಭಾಷೆಗಳ ಮಾತು ಕಲಿತು ದೇಶವನ್ನೆಲ್ಲ ಸುತ್ತಿಬಂದಿತು. ಪ್ರೇಕ್ಷಕನ ಹಿತವನ್ನು ಪ್ರೇಕ್ಷಕನನ್ನು ಕೇಳದೆ ತೀರ್ಮಾನಿಸಿದವರು ಎಷ್ಟೇ ಸದುದ್ದೇಶಿಗಳಾಗಿದ್ದರೂ ಕೊನೆಗೆ ಅವನಿಗೆ ಅಹಿತವನ್ನೇ ಮಾಡುತ್ತಾರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

ಹೀಗಿರಲು, ಯಾರು ಯಾರು ಏನು ಮಾಡಬೇಕು? ಚಿತ್ರವನ್ನು ತೆಗೆಯುವವರು ಹಳೆಯದರ ಋಣವನ್ನು ಜಾಹೀರಾತಿನಲ್ಲಿಯೇ ಒಪ್ಪಿಕೊಳ್ಳಲಿ, ಹಕ್ಕುದಾರರ ಅಪ್ಪಣೆ ಪಡೆಯಲಿ, ಬದಲಿಸಿದುದನ್ನು ಬಚ್ಚಿಡದಿರಲಿ. ಹೊಗಳಿಕೆಯನ್ನು ಕೊಂಡುಕೊಳ್ಳುವ, ತೆಗಳಿಕೆಯನ್ನು ಮುಚ್ಚಿಸುವ ಈ ಕಾಲದ ಪ್ರಚಾರದ ಚಾತುರ್ಯವು ಎರಡು ದಿನದ ಬಣ್ಣ. ಮೂರನೆಯ ದಿನ ಮಳೆಗೆ ತೊಳೆದುಹೋಗುತ್ತದೆ. ಥಿಯೇಟರಿನ ಮಾಲೀಕರು ಹೊಸ ಚಿತ್ರ ಬರುವ ವಾರದಲ್ಲಿ ಹಳೆಯದನ್ನೂ ಒಂದೆರಡು ಆಟ ತೋರಿಸಲಿ. ಅಪ್ಪನೂ ಮಗನೂ ಎರಡನ್ನೂ ನೋಡಿ ಊಟಕ್ಕೆ ಕುಳಿತಾಗ ವಾದಿಸಲಿ. ಕೋಪವು ಕರಗಿ ವಿಮರ್ಶೆಯಾಗುವುದು ಅಲ್ಲಿಯೇ.

ಅಧಿಕಾರಿಗಳಿಗೆ ನಮ್ಮ ವಿನಂತಿ ಇನ್ನೂ ಸ್ಪಷ್ಟವಾಗಿದೆ. ಚಿತ್ರವು ಯಾರು ನೋಡತಕ್ಕದ್ದೆಂಬುದನ್ನು 1952ರ ಕೇಂದ್ರದ ಕಾಯ್ದೆಯ ಪ್ರಕಾರ ಸೆನ್ಸಾರು ಮಂಡಳಿಯು ಗೊತ್ತುಮಾಡುತ್ತದೆ. 2023ರ ತಿದ್ದುಪಡಿಯಿಂದ ಏಳು, ಹದಿಮೂರು, ಹದಿನಾರು ವರ್ಷಗಳ ವಯೋಭೇದಗಳೂ ಬಂದಿವೆ. ಅಷ್ಟು ಜರಡಿಯಾಡಿ ಬಂದ ಚಿತ್ರವನ್ನು ಜಿಲ್ಲೆಯ ಮಟ್ಟದಲ್ಲಿ ಮತ್ತೊಮ್ಮೆ ಜರಡಿ ಹಿಡಿಯಬೇಕಾಗಿಲ್ಲ. ಯಾರೋ ನಾಲ್ವರು ಬಂದು ಮನವಿಪತ್ರ ಕೊಟ್ಟ ಮಾತ್ರಕ್ಕೆ ಥಿಯೇಟರಿನ ಮಾಲೀಕನನ್ನು ಕರೆಯಿಸಿ, ನಿಮಗೇಕೆ ಈ ಗೊಂದಲ, ಬೇರೆ ಚಿತ್ರ ಹಾಕಿಕೊಳ್ಳಿರೆಂದು ಬುದ್ಧಿ ಹೇಳುವುದು ಶಾಂತಿಪಾಲನೆಯಾಗದು. ಬೆದರಿಸಿದವನಿಗೆ ಬಹುಮಾನ ಕೊಟ್ಟಂತಾಗುತ್ತದೆ. ಮನವಿಪತ್ರವನ್ನು ಸ್ವೀಕರಿಸಿರಿ, ಶಾಂತವಾಗಿ ಫಲಕ ಹಿಡಿದು ನಿಲ್ಲುವವರಿಗೆ ಜಾಗ ಕೊಡಿರಿ, ಕಲ್ಲನ್ನು ಎತ್ತಿದವನನ್ನು ಹಿಡಿಯಿರಿ, ಆಟವು ನಡೆಯಲಿ. ಠಾಕೂರನ ಕೈಯಿಂದ ಕಾನೂನನ್ನು ಕಸಿದು ಪೋಲೀಸರಿಗೆ ಕೊಡಿಸಿದ ಸರ್ಕಾರವು, ಬೀದಿಯ ಗುಂಪಿನ ಕೈಗೆ ಅದೇ ಕಾನೂನನ್ನು ಬಿಟ್ಟುಕೊಡುವುದು ನಗೆಗೀಡಲ್ಲವೆ?

ಕೊನೆಯದಾಗಿ ವಾಚಕರಲ್ಲಿ ಒಂದು ಮಾತು. ಹಳೆಯದನ್ನು ಪ್ರೀತಿಸುವುದು ದೋಷವಲ್ಲ. ಪ್ರೀತಿಯಿಲ್ಲದ ಜನಾಂಗಕ್ಕೆ ಪರಂಪರೆಯೂ ಇರದು. ಹೊಸದು ಕೆಟ್ಟದಾಗಿದ್ದರೆ ಕೆಟ್ಟದೆಂದು ಕಟುವಾಗಿಯೇ ಹೇಳಿರಿ, ಪತ್ರಿಕೆಗಳಿಗೆ ಬರೆಯಿರಿ, ನೆರೆಯವನಿಗೆ ಹಣ ಹಾಳುಮಾಡಬೇಡವೆಂದು ತಿಳಿಸಿರಿ. ಆ ಹಕ್ಕನ್ನು ನಿಮ್ಮಿಂದ ಯಾರೂ ಕಸಿಯಲಾರರು. ಆದರೆ ಮೆಚ್ಚದಿರುವ ಹಕ್ಕು ದೊರೆಯುವುದು ನೋಡಿದವನಿಗೆ. ನೋಡುವುದಕ್ಕೆ ಮೊದಲೇ ತಡೆದವನು ತನ್ನ ಹಕ್ಕಿನೊಡನೆ ಊರಿನ ಸಾವಿರ ಜನರ ಹಕ್ಕನ್ನೂ ಹಾಳುಮಾಡುತ್ತಾನೆ. ಇಂದು ಹಿಂದೀ ಚಿತ್ರಕ್ಕೆ, ನಾಳೆ ತಮಿಳು ಚಿತ್ರಕ್ಕೆ ಹಾಕಿದ ಬೀಗವು ನಾಡದು ನಮ್ಮ ಕನ್ನಡದ ಕವಿಯ, ಕಲಾವಿದನ ಬಾಯಿಗೆ ಬೀಳದೆ ಇರದು.

ಎರಡು ನದಿಗಳ ನಡುವಣ ಈ ನಾಡಿಗೆ ಎಷ್ಟೋ ದೊರೆಗಳು ಬಂದರು, ಹೋದರು. ಎಷ್ಟೋ ಭಾಷೆಗಳು ಬಂದು ನೆಲೆಸಿದವು. ಇಲ್ಲಿಯ ಜನರು ಎಲ್ಲವನ್ನೂ ಕೇಳಿ, ತೂಗಿ, ಬೇಕಾದುದನ್ನು ಉಳಿಸಿಕೊಂಡು ಬೇಡವಾದುದನ್ನು ನದಿಗೆ ಬಿಟ್ಟಿದ್ದಾರೆ. ಅಂಥವರಿಗೆ ಒಂದು ಚಿತ್ರಪಟವನ್ನು ತೂಗುವ ಶಕ್ತಿಯಿಲ್ಲವೆಂದು ಭಾವಿಸಿ ಅವರನ್ನು ಸಂಭಾಳಿಸಲು ಹೊರಡುವುದು ಅವರಿಗೆ ಮಾಡುವ ಅವಮಾನ. ತೆರೆಯನ್ನು ಬಿಚ್ಚಿರಿ, ದೀಪವನ್ನು ಆರಿಸಿರಿ, ತೀರ್ಪನ್ನು ಕುಳಿತವರಿಗೆ ಬಿಡಿರಿ.